ಹಿಂದಿನ ಸೀಟಿನ ಬ್ರೆಕ್ಸಿಟ್ ಮುಂದಿನ ಸೀಟಿಗೆ ಬಂದದ್ದು

ಕಾರಿನಲ್ಲಿ ಬ್ರೆಕ್ಸಿಟ್ ಮಾತೆತ್ತಬೇಡ ಅಂತ ಮ್ಯಾನೇಜರ್ ನನಗೆ ಎರಡು ಸಲ ಹೇಳಿದ್ದರು. ಮಿಶಿಗನ್ ಗಡಿ ದಾಟಿ ಹತ್ತು ಮೈಲಿ ಆಗಿರಲಿಲ್ಲ, ನಾನು ಅದನ್ನೇ ಎತ್ತಿದೆ.

ತಪ್ಪು ನನ್ನದೇ. ಆದರೆ ಡೆಟ್ರಾಯಿಟ್ ಇನ್ನೂ ಬಹಳ ದೂರ ಇತ್ತು. ಹಿಂದಿನ ಸೀಟಿನ ಇಬ್ಬರು ಒಂದೂ ಮಾತಾಡದೆ ಆ ಕಿಟಕಿ ಒಬ್ಬರು, ಈ ಕಿಟಕಿ ಒಬ್ಬರು ನೋಡುತ್ತ ಕೂತಿದ್ದರು. ನನಗೆ ನಿದ್ದೆ ಬರುತ್ತಿತ್ತು.

ಇಬ್ಬರೂ ನಮ್ಮ ಡೌನರ್ಸ್ ಗ್ರೋವ್ ಆಫೀಸಿಗೆ ಇಂಗ್ಲೆಂಡಿನಿಂದ ಮೂರು ತಿಂಗಳ ಮಟ್ಟಿಗೆ ಬಂದವರು. ಎಮ್ಮಾ ಲಂಡನ್ನಿನವಳು. ಕಾಲಿನ್ ಉತ್ತರದವನು, ಹಡಗು ಕಟ್ಟುವ ಕೆಲಸ ನಿಂತುಹೋದ ಒಂದು ಊರಿನವನು.

ರಸ್ತೆಯ ಬಲಗಡೆ ಡ್ರೈವ್ ಮಾಡಲು ಇಬ್ಬರಿಗೂ ಭಯ, ಹಾಗಾಗಿ ನಾನು ಡ್ರೈವರ್. ಮಾರನೆಯ ದಿನ ಅವರಿಬ್ಬರೂ ಸೇರಿ ಡೆಟ್ರಾಯಿಟ್‌ನ ಕ್ಲೈಂಟ್ ಮುಂದೆ ಪ್ರೆಸೆಂಟೇಷನ್ ಕೊಡಬೇಕಿತ್ತು.

ಮುಂದಿನ ಸೀಟಿನಲ್ಲಿ ನನ್ನ ಹೆಂಡತಿ ಸುಜಾತಾ. ಅವಳದು ಧಾರವಾಡ, ನನ್ನದು ಮೈಸೂರು. ಆನ್ ಆರ್ಬರ್‌ನಲ್ಲಿ ಅವಳ ಅಕ್ಕನ ಮನೆ ಇದೆ, ದಾರಿಯಲ್ಲಿ ಅವಳನ್ನು ಅಲ್ಲಿಳಿಸಿ ನಾವು ಮುಂದೆ ಹೋಗುವುದು ಅಂತ ಪ್ಲಾನ್.

ಆ ಬ್ರೆಕ್ಸಿಟ್ ಜನಮತಗಣನೆಯಲ್ಲಿ ನೀವಿಬ್ಬರೂ ಯಾವ ಕಡೆ ವೋಟು ಹಾಕಿದಿರಿ ಅಂತ ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ.

ಸುಜಾತಾ ನನ್ನ ತೋಳು ಚಿವುಟಿದಳು. ಅಷ್ಟರಲ್ಲಿ ಹಿಂದೆ ಹತ್ತಿಕೊಂಡಿತ್ತು...

ನನಗೆ ಅರ್ಥವಾಗಿದ್ದು ಇಷ್ಟು. ಇಬ್ಬರ ಮನೆಯವರೂ ಅಜ್ಜನ ಕಾಲದಿಂದ ಒಂದೇ ಪಕ್ಷ, ಕಾರ್ಮಿಕರ ಪಕ್ಷ. ಯುರೋಪಿನ ಜೊತೆಯೇ ಇರೋಣ ಅಂತ ಎಮ್ಮಾ ಮನೆಮನೆ ಸುತ್ತಿದವಳು. ಬಿಟ್ಟು ಹೊರಗೆ ಬರೋಣ ಅಂತ ಕಾಲಿನ್‌ನ ಊರಿನಲ್ಲಿ ಹೆಚ್ಚಿನವರು ವೋಟು ಹಾಕಿದರು, ಅವನೂ ಹಾಕಿದ.

ಆಮೇಲೆ ಪಕ್ಷದ ಹೊಸ ನಾಯಕ ಕೂಡ ಲಂಡನ್ ಕಡೆಯವರೇ ಆದರು. ಅವರಿಗೆ ಎಮ್ಮಾ ಖುಷಿಯಿಂದ ವೋಟು ಹಾಕಿದಳು. ಕಾಲಿನ್‌ನ ಅಪ್ಪ ತನ್ನ ಸದಸ್ಯತ್ವದ ಕಾರ್ಡನ್ನು ಪೋಸ್ಟಿನಲ್ಲಿ ವಾಪಸ್ ಕಳಿಸಿದರು.

ನಿಮ್ಮ ಕಡೆಯವರನ್ನು ಸುಳ್ಳು ಹೇಳಿ ಯಾಮಾರಿಸಿದರು ಅಂದಳು ಎಮ್ಮಾ. ಈ 'ನಿಮ್ಮ ಕಡೆಯವರು' ಅನ್ನುವ ಮಾತಿಗೇ ನಮ್ಮಪ್ಪ ಕಾರ್ಡ್ ವಾಪಸ್ ಕಳಿಸಿದ್ದು ಅಂದ ಕಾಲಿನ್.

ಕಲಮಜೂ ಊರು ಬರುವವರೆಗೆ ಇಬ್ಬರೂ ಮತ್ತೆ ತಮ್ಮ ತಮ್ಮ ಕಿಟಕಿಗೆ ತಿರುಗಿದರು. ನನ್ನ ನಿದ್ದೆ ಮಾತ್ರ ಪೂರ್ತಿ ಹೋಗಿತ್ತು.

ಕೊನೆಗೆ ಸುಜಾತಾ ಅವಲಕ್ಕಿ ಚೂಡಾದ ಡಬ್ಬಿ ತೆಗೆದು ಹಿಂದಕ್ಕೆ ಕೊಟ್ಟಳು. ಕಾಲಿನ್ ಬಾಯಿಗೆ ಹಾಕಿಕೊಂಡ, ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಇನ್ನೊಂದು ಹಿಡಿ ತೆಗೆದುಕೊಂಡ.

ನೀವು ಯಾಕೆ ಇಷ್ಟು ಕಡಿಮೆ ಮಾತಾಡುತ್ತೀರಿ ಅಂತ ಅವಳು ಅವನನ್ನು ಕೇಳಿದಳು. ಲಂಡನ್ ಆಫೀಸಿನಲ್ಲಿ ನಾನು ಬಾಯಿ ತೆರೆದರೆ ನನ್ನ ಉತ್ತರದ ಉಚ್ಚಾರಣೆಗೆ ಮೊದಲು ನಗುತ್ತಾರೆ, ಆಮೇಲೆ ಏನಂದೆ ಅಂತ ಕೇಳುತ್ತಾರೆ ಅಂದ.

ಸುಜಾತಾ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದಳು. ತನ್ನ ನಾಟಕದ ಕಥೆ ಶುರು ಮಾಡಿದಳು. ನಾನು ಸ್ಪೀಡ್ ಸ್ವಲ್ಪ ಹೆಚ್ಚಿಸಿದೆ.

ಹೋದ ವರ್ಷ ನಮ್ಮ ಕನ್ನಡ ಕೂಟಕ್ಕೆ ಅವಳು ಒಂದು ನಾಟಕ ಬರೆದಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಖಾನಾವಳಿ ನಡೆಸುವ ಹೆಂಗಸಿನ ಕಥೆ, ಪೂರ್ತಿ ಧಾರವಾಡದ ಕನ್ನಡದಲ್ಲಿ. ಕೂಟದ ಸಮಿತಿ ಅದನ್ನು ಹಾಸ್ಯ ಸಂಜೆಗೆ ಹಾಕಿತು. ಜನ ಮೊದಲ ಮಾತಿಗೇ ನಗಲು ಶುರು ಮಾಡಿದವರು ಕೊನೆಯವರೆಗೂ ನಕ್ಕರು.

"ಇವ್ರೂ ಆ ಸಮಿತಿಯೊಳಗಿದ್ರು," ಅಂತ ಇಂಗ್ಲಿಷಿನಲ್ಲಿ ಹೇಳಬೇಕಾದ್ದನ್ನು ಮರೆತು ಕನ್ನಡದಲ್ಲೇ ಹೇಳಿದಳು. "ಬ್ಯಾಡ ಅಂತ ಭಾಳ ವಾದ ಮಾಡಿದ್ರಂತ. ಯಾರೂ ಕೇಳ್ಲಿಲ್ಲ." ಆಮೇಲೆ ಎಲ್ಲವನ್ನೂ ಹಿಂದಿನವರಿಗೆ ಇಂಗ್ಲಿಷಿನಲ್ಲಿ ಹೇಳಿದಳು.

ಎಮ್ಮಾ ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ಎಷ್ಟು ವೋಟಿನಿಂದ ಸೋತಿರಿ ಅಂತ ಕೇಳಿದಳು. ಪಕ್ಷದಲ್ಲಿ ಕೆಲಸ ಮಾಡಿದವರಿಗೆ ಅದೇ ಮೊದಲ ಪ್ರಶ್ನೆ ಅಂತ ಕಾಣುತ್ತದೆ.

ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಹುಡುಕಿದೆ. ಹತ್ತಿರದಲ್ಲಿ ಯಾವುದೂ ಇರಲಿಲ್ಲ.

ಐದು ಜನರ ಸಮಿತಿ ಅಂದೆ. ಸರಿ, ಎಷ್ಟು ಅಂದಳು.

ಐದಕ್ಕೆ... ಸೊನ್ನೆ.

ಹಿಂದೆ ಚೂಡಾ ತಿನ್ನುವ ಸದ್ದು ನಿಂತಿತು.

"ಅಂದ್ರ ನೀವೂ ಕೈ ಎತ್ತಿದ್ರಿ?"

"ಎಲ್ರೂ ಎತ್ತಿದ್ರು ಕಣೇ. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

"ಮಂದಿ ನಗಾಕತ್ತಿದಾಗ ಬ್ಯಾಸರ ಆಗ್ಲಿಲ್ಲೇನ್ರಿ ನನಗ?"

ಇದನ್ನು ಯಾರೂ ಇಂಗ್ಲಿಷಿಗೆ ಮಾಡಲಿಲ್ಲ, ಹಿಂದಿನವರಿಗೆ ಅದು ಬೇಕಾಗಲೂ ಇಲ್ಲ. ಗಡಿಯಿಂದ ಒಂದು ಮಾತೂ ಹೊಂದದ ಇಬ್ಬರು ಈಗ ಒಂದೇ ಮುಖ ಮಾಡಿಕೊಂಡು ನನ್ನ ತಲೆಯ ಹಿಂಭಾಗ ನೋಡುತ್ತಿದ್ದರು.

ಆನ್ ಆರ್ಬರ್‌ನಲ್ಲಿ ಸೂಟ್‌ಕೇಸ್ ಇಳಿಸುವಾಗ ತಪ್ಪಾಯ್ತು ಅಂದೆ.

"ಕೈ ಎತ್ತೋ ಮೊದ್ಲ ನಾಟಕ ಓದಿದ್ರೇನು?"

"ಒಂದ್ ಪುಟ."

"ಉಳಿದಿದ್ದೂ ಓದ್ರಿ," ಅಂತ ಅಲ್ಲೇ ನಿಂತು ಫೋನಿಗೆ ಫೈಲ್ ಕಳಿಸಿದಳು.

ಹೋಟೆಲ್ ರೂಮಿಗೆ ಹೋದವನೇ ಓದಿದೆ. ಮೂರನೆಯ ಪುಟದಲ್ಲಿ ಖಾನಾವಳಿಯ ಹೆಂಗಸು ಹಿಟ್ಟಿನ ಕೈಯನ್ನು ಗಂಡನ ಹಳೆಯ ಅಂಗಿಗೆ ಒರೆಸಿಕೊಂಡು, ಇದರ ವಾಸನೆ ಹೋಗುವ ಮೊದಲು ಇನ್ನೆಷ್ಟು ರೊಟ್ಟಿ ತಟ್ಟಬೇಕೋ ಅನ್ನುವ ಮಾತಿದೆ. ಸಭೆ ಅತಿ ಜೋರಾಗಿ ನಕ್ಕಿದ್ದು ಅಲ್ಲೇ. ನಾನೂ ನಕ್ಕಿದ್ದೆ.

ಮಾರನೆಯ ದಿನ ಎಮ್ಮಾ ಮೊದಲು ಕಾಲಿನ್‌ನನ್ನೇ ಮಾತಾಡಲು ಬಿಟ್ಟಳು. ಕ್ಲೈಂಟ್ ಒಮ್ಮೆ ಅವನ ಮಾತು ಅರ್ಥವಾಗದೆ ಅವಳ ಮುಖ ನೋಡಿದರು. ಅವಳು ಅವನ ಕಡೆ ಕೈ ತೋರಿಸಿದಳು. ಅವನು ಇನ್ನೊಮ್ಮೆ ಹೇಳಿದ, ಕೆಲಸ ನಮಗೇ ಸಿಕ್ಕಿತು.

ರಾಜಿಯೇನೂ ಆಗಲಿಲ್ಲ. ವಾಪಸ್ ಬರುವಾಗ ಪಕ್ಷಕ್ಕೆ ಉತ್ತರದ ನಾಯಕರು ಬೇಕೋ ಬೇಡವೋ ಅಂತ ಇಂಡಿಯಾನಾವರೆಗೆ ಜಗಳಾಡಿದರು. ಆದರೆ ಒಬ್ಬರು ಮಾತು ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಿದ್ದರು.

ಈ ತಿಂಗಳು ನಮ್ಮ ಕೂಟದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ. ಸುಜಾತಾ ನಿಂತಿದ್ದಾಳೆ. ಎದುರಿಗೆ ನನ್ನ ಹಳೆಯ ಗೆಳೆಯ, ಮೈಸೂರಿನವನು, ಕಳೆದ ಸಮಿತಿಯ ಐವರಲ್ಲಿ ಒಬ್ಬ.

ಪ್ರಚಾರ ಹೇಗೆ ಮಾಡಬೇಕು ಅಂತ ಲಂಡನ್ನಿಗೆ ವಾಪಸಾದ ಎಮ್ಮಾ ದಿನಾ ಮೆಸೇಜ್ ಮಾಡುತ್ತಾಳೆ. ನಾವಿರುವ ವೆಸ್ಟ್‌ಮಂಟ್‌ನ ಅರ್ಧ ಕನ್ನಡದವರಿಗೆ ಸುಜಾತಾ ಫೋನ್ ಮಾಡಿ ವೋಟು ಕೇಳಿದ್ದಾಳೆ.

ನನ್ನನ್ನು ಮಾತ್ರ ಇನ್ನೂ ಕೇಳಿಲ್ಲ. ನೀವಾಗಿದ್ದರೆ, ಅವಳು ಕೇಳಲಿ ಅಂತ ಕಾಯುತ್ತಿದ್ದಿರಾ, ನನ್ನ ವೋಟು ನಿನಗೇ ಅಂತ ನೀವೇ ಹೋಗಿ ಹೇಳುತ್ತಿದ್ದಿರಾ?