ಸಿಸ್ಟರ್‌ಬಾಯಿಯ ಕಟ್ಟೆ

ಬಿಸಿಲಿಗೆ ಕಾದ ಫರ್ಸಿ ಹಾಸುಗಲ್ಲಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಮೊನ್ನೆ ಸಂಜೆ ಗಿಡಗಳಿಗೆ ನೀರು ಬಿಡುವಾಗ ಪೈಪು ಕೈತಪ್ಪಿ, ಅಂಗಳದ ಗೋಡೆಗೆ ಒರಗಿಸಿಟ್ಟ ಕಲ್ಲು ತೊಯ್ದಿತು. ಅದರ ಜೊತೆಗೇ ಸೂಜಿ ಹಾಕುವ ಮುಂಚೆ ಒರೆಸುವ ಸ್ಪಿರಿಟ್ಟಿನ ವಾಸನೆಯೂ ಬಂದಂತಾಯಿತು. ಸ್ಪಿರಿಟ್ಟು ಅಲ್ಲೆಲ್ಲಿ ಬರಬೇಕು? ನೆನಪು ಬೆರೆಸಿದ್ದು. ಅದನ್ನು ನಂಬದೆಯೇ ನಾನು ದಿನಚರಿ ಬರೆಯುವುದು.

ಆ ಕಲ್ಲು ಎದುರು ಮನೆಯ ಸಿಸ್ಟರ್‌ಬಾಯಿಯ ಕಟ್ಟೆಯದು. ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಪಾಠ ಹೇಳಲು ಜನವಾಡದ ಶಾಲೆಗೆ ಬಸ್ಸಿನಲ್ಲಿ ಹೋಗಿಬರುವ ತಂಗಿಯ ಮಗಳ ಜೊತೆ ಇದ್ದಾರೆ. ಬೀದರಿನ ನಮ್ಮ ಓಣಿಯಲ್ಲಿ ಆಗ ಪ್ರತಿ ಬಾಗಿಲ ಹೊರಗೂ ಒಂದು ಕಟ್ಟೆ. ಕೆಂಪುಕಲ್ಲು ಪೇರಿಸಿ, ಮೇಲೆ ಫರ್ಸಿ ಹಾಸಿದ ಮೇಲೆಯೇ ಮನೆ ಕಟ್ಟಿ ಮುಗಿಯಿತೆಂದು ಲೆಕ್ಕ. ಆದರೆ ಸಂಜೆ ಎಲ್ಲರೂ ಸೇರುತ್ತಿದ್ದದ್ದು ಸಿಸ್ಟರ್‌ಬಾಯಿಯ ಕಟ್ಟೆಯ ಮೇಲೆ. ಮೊಣಕಾಲು ನೋವಿನಿಂದ ಅವರು ನಾಲ್ಕು ಮನೆ ತಿರುಗಲಾರರು. ಓಣಿಯೇ ಅವರ ಬಳಿ ಬರುತ್ತಿತ್ತು. ಒಬ್ಬರ ಬಿಪಿ, ಇನ್ನೊಬ್ಬರ ಮಗಳ ಬಾಣಂತನ, ನಡುವೆ ಒಂದಿಷ್ಟು ಚಾಡಿ.

ಹೀಗಿರುವಾಗ ಮೂಲೆಯ ಖಾಲಿ ಪ್ಲಾಟನ್ನು ಭಾಲ್ಕಿಯ ಸಾಹುಕಾರರೊಬ್ಬರು ಕೊಂಡರು. ಐದಂತಸ್ತಿನ ಅಪಾರ್ಟ್‌ಮೆಂಟಂತೆ. ಸುತ್ತ ಬಿಡಬೇಕಾದ ಜಾಗವನ್ನು ಬಿಡದೆ, ಇರುವ ಮಿತಿಗಿಂತ ಎತ್ತರಕ್ಕೆ ಕಟ್ಟಲು ನಿಯಮ ಸಡಿಲಿಸಿ ಎಂದು ಕೇಳಿದ್ದರು. ಆಕ್ಷೇಪಣೆ ಇದ್ದವರು ತಿಳಿಸಬಹುದೆಂದು ನಗರಸಭೆಯ ನೋಟಿಸು ಬಂತು. ಎಂ.ಎ. ಓದಿದವನೆಂದು ಅರ್ಜಿ ಬರೆಯುವ ಕೆಲಸ ನನಗೆ. ಮೂರು ಪುಟ ಬರೆದೆ. ಓಣಿ ಎಷ್ಟು ಇಕ್ಕಟ್ಟೆಂದರೆ ಎರಡು ಆಟೋ ಎದುರಾದಾಗ ಒಂದು ಹಿಂದೆ ಸರಿಯಬೇಕಾದ 'ದುಃಸ್ಥಿತಿ' ಇದೆ ಎಂದೆ. ಆ ಶಬ್ದಕ್ಕೆ ನಾನೇ ಮರುಳಾಗಿದ್ದೆ.

ಸಿಸ್ಟರ್‌ಬಾಯಿ ಕಟ್ಟೆಯ ಮೇಲೆ ಕೂತು ಓದಿಸಿ ಕೇಳಿದರು. "ಓಣಿ ಸಣ್ಣದದ ಅಂತ ಬರ್ದೀರಿ, ಖರೆ. ಯಾಕ ಸಣ್ಣದದ ಅಂತ ಬರ್ದಿಲ್ಲಲ್ರಿ ಸರ್?"

ನಾನು ನಕ್ಕೆ. ಅವರು ಸಹಿ ಹಾಕಿದರು.

ವಾರ ಕಳೆಯುವುದರೊಳಗೆ ಅಳತೆಯವರು ಬಂದರು. ನಕ್ಷೆಯಲ್ಲಿ ಓಣಿ ಅಗಲವಾಗಿಯೇ ಇತ್ತು. ಅದನ್ನು ತಿಂದದ್ದು ನಮ್ಮ ಕಟ್ಟೆಗಳು. ಅವರ ಜೊತೆ ಬಂದ ಇಂಜಿನಿಯರು ನನ್ನ ಅರ್ಜಿಯಿಂದಲೇ ಗಾಳಿ ಹಾಕಿಕೊಳ್ಳುತ್ತ ಕೇಳಿದರು: "ಅವ್ರು ಜಾಗ ಬಿಡಲ್ಲ ಅಂತ ತಕರಾರು ಮಾಡೀರಿ. ನೀವೆಷ್ಟ ಬಿಟ್ಟೀರಿ, ತೋರಸ್ರಿ."

ಅರ್ಜಿ ಹಿಂದೆ ತೆಗೆದುಕೊಂಡರೆ ಕಟ್ಟೆಗಳನ್ನು ಕಂಡೂ ಕಾಣದಂತಿರಬಹುದು. ಅರ್ಜಿ ಉಳಿಯಬೇಕಾದರೆ ಕಟ್ಟೆಗಳು ಹೋಗಬೇಕು. ಅವರ ಮಾತಿನ ಸಾರ ಇಷ್ಟು.

ಆ ಸಂಜೆ ಟೇಲರ್ ಉಸ್ಮಾನ್‌ಭಾಯಿ ಎಲ್ಲರೆದುರು ನನ್ನ ಮರ್ಯಾದೆ ತೆಗೆದ. "ಸರ್, ಸಾವ್ಕಾರನ ಮ್ಯಾಗ ಬರೀರಿ ಅಂದ್ರ ನಮ್ಮ ಮ್ಯಾಗೇ ಬರ್ದು ಬಂದೀರಲ್ಲರಿ! ವಾಪಸ್ ತಗೋರಿ."

ಹೌದು ಹೌದು ಎಂದರು ಎಲ್ಲರೂ. ನಾನೂ ಎಂದೆನೇನೋ.

"ಉಸ್ಮಾನ್," ಎಂದರು ಸಿಸ್ಟರ್‌ಬಾಯಿ, "ನಿಮ್ಮ ಅಮ್ಮಾಗ ಖಾಟ್ ಮ್ಯಾಗ ಎತ್ಕೊಂಡು ಮೂಲಿ ತನಕ ಒಯ್ದಿದ್ದು ಮರ್ತಿಯೇನಪ್ಪ? ಆಂಬುಲೆನ್ಸ್ ಒಳಗ ಬರಲಿಲ್ಲ. ಅವತ್ತು ಇಲ್ಲಿ ಅಪಾರ್ಟ್‌ಮೆಂಟ್ ಇತ್ತೇನು?"

ಸಿಸ್ಟರ್‌ಬಾಯಿ ತಾವು ಕೂತಿದ್ದ ಫರ್ಸಿಯನ್ನು ಅಂಗೈಯಿಂದ ತಟ್ಟಿದರು.

"ನಂದೇ ಮದಲ ತೆಗೀರಿ. ಸೂಜಿ ಮದಲ ಅಳಲಾರ್ದ ಕೂಸಿಗಿ ಹಾಕ್ಬೇಕು. ಉಳ್ದವ್ರು ತಾವೇ ಕೈ ಮುಂದ ಮಾಡ್ತಾರ."

ಇದನ್ನು ಹೇಳುವಾಗ ಅವರು ನಗುತ್ತಿದ್ದರೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಮೊನ್ನೆ ಹಳೆಯ ದಿನಚರಿ ತೆಗೆದು ನೋಡಿದೆ. ನಗುವಿನ ಸುದ್ದಿಯೇ ಇಲ್ಲ. ಮರುದಿನದ ಪುಟದಲ್ಲಿ ಎರಡೇ ಸಾಲು: 'ಕಟ್ಟೆ ತೆಗೆದರು. ಸಿಸ್ಟರ್‌ಬಾಯಿ ಹೊರಗೆ ಬರಲಿಲ್ಲ.' ಒಡೆದ ಕಲ್ಲುಮಣ್ಣನ್ನು ಟ್ರ್ಯಾಕ್ಟರಿಗೆ ತುಂಬುವಾಗ ಈ ಫರ್ಸಿ ಇಡಿಯಾಗಿ ಉಳಿದಿತ್ತು; ನಾನು ತಂದಿಟ್ಟುಕೊಂಡೆ.

ಉಳಿದ ಕಟ್ಟೆಗಳೂ ಒಂದೊಂದಾಗಿ ಹೋದವು, ಅರ್ಜಿ ಉಳಿಯಿತು. ನಾವು ಗೆದ್ದೆವು. ಸಡಿಲಿಕೆ ಸಿಗಲಿಲ್ಲ. ಮೂರೇ ಅಂತಸ್ತು ಎದ್ದಿತು, ಸುತ್ತ ಜಾಗ ಬಿಟ್ಟೇ. ಈಗ ಆಂಬುಲೆನ್ಸ್ ಸಲೀಸಾಗಿ ಬರುತ್ತದೆ. ಬೈಕುಗಳಂತೂ ಹಾರಿಕೊಂಡೇ ಹೋಗುತ್ತವೆ. ಸಿಸ್ಟರ್‌ಬಾಯಿಯ ಮನೆಗೆ ಅಂಗಳವಿಲ್ಲ. ಬಾಗಿಲು ದಾಟಿದರೆ ರಸ್ತೆ. ಅವರು ಕಿಟಕಿಯ ಹಿಂದೆ ಕೂತಿರುತ್ತಾರೆ. ಹೋಗುವವರು ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ. ನಿಲ್ಲುವುದಿಲ್ಲ. ಮೂರು ಪುಟ ಬರೆದು ಇನ್ನೊಬ್ಬರಿಂದ ಜಾಗ ಬಿಡಿಸಿದ ನಾನು, ನನ್ನ ಅಂಗಳದ ಸುತ್ತ ಗೋಡೆ ಕಟ್ಟಿಕೊಂಡು ಅವರ ಕಲ್ಲನ್ನು ಅದಕ್ಕೇ ಒರಗಿಸಿಟ್ಟಿದ್ದೆ.

ಇವತ್ತು ಬೆಳಿಗ್ಗೆ ಮೇಸ್ತ್ರಿಯನ್ನು ಕರೆಸಿ ಆ ಗೋಡೆಯನ್ನು ಮೂರಡಿ ಒಳಗೆ ಸರಿಸಲು ಹೇಳಿದೆ. ಸುತ್ತಿಗೆಯ ಸದ್ದಿಗೆ ಎದುರಿನ ಕಿಟಕಿ ತೆರೆಯಿತು.

"ಏನ್ರಿ ಸರ್, ಮತ್ತ ಯಾರ ಮ್ಯಾಗ ತಕರಾರು?"

"ನನ್ ಮ್ಯಾಗೇರಿ."

ಕೋಲೂರಿಕೊಂಡು ರಸ್ತೆ ದಾಟಿ ಬಂದರು. ಫರ್ಸಿಯನ್ನು ಕಂಡು ಅಂಗೈಯಿಂದ ಧೂಳು ಒರೆಸಿದರು. "ಜಾಗ ಯಾರದ್ರಿ?"

"ನಂದೇರಿ. ಅಳದು ನೋಡೀನಿ."

ಆ ಮೂರಡಿಯಲ್ಲಿ ಹಾಕುವ ಕಟ್ಟೆ ಎಷ್ಟು ಎತ್ತರ ಬೇಕೆಂದು ಮೇಸ್ತ್ರಿ ಕೇಳಿದ. ಅಷ್ಟರಲ್ಲಿ ಬಂದು ನಿಂತಿದ್ದ ಉಸ್ಮಾನ್‌ಭಾಯಿ ಕೊರಳಿನ ಟೇಪು ತೆಗೆದು, ಮಂಡಿಯೂರಿ, ಸಿಸ್ಟರ್‌ಬಾಯಿಯ ಮೊಣಕಾಲಿನಿಂದ ನೆಲಕ್ಕೆ ಹಿಡಿದ.

"ಎರಡು ಬಟ್ಟು ಜಾಸ್ತಿ ಇಡಪ್ಪ," ಎಂದರು ಸಿಸ್ಟರ್‌ಬಾಯಿ. "ಏಳಬೇಕಾದ್ರ ತ್ರಾಸ ಆಗ್ತದ."

ಅವರು ನಕ್ಕರು ಎಂದು ಇವತ್ತಿನ ಪುಟದಲ್ಲಿ ಬರೆದಿದ್ದೇನೆ. ಈ ಸಲ ನೋಡಿ ಬರೆದದ್ದು.