ಒಲೆಯ ಹಿಂದಿನ ಗೋಡೆಗೆ ಪ್ಯಾರಿಬಿಯ ಕೋಳಿಗೂಡು

ನನ್ನ ಅಕ್ಷರ ದುಂಡಗಿಲ್ಲ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು, ಬರೆಯಲು ಕೂತರೆ ಮಾತು ಹುಡುಕಬೇಕಾಗುತ್ತದೆ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ನಮ್ಮ ಹಿತ್ತಲಿಗೆ ಹತ್ತಿದ ಮನೆಯ ಪ್ಯಾರಿಬಿಯ ವಿಷಯ ಇದು.

ಪ್ಯಾರಿಬಿ ಸರಸಂಬಾದಿಂದ ನಿಂಬರ್ಗಾಕ್ಕೆ ಸೊಸೆಯಾಗಿ ಬಂದಾಗ ಅವಳ ಮಡಿಲಲ್ಲಿ ಒಂದು ಚುಕ್ಕಿ ಕೋಳಿಮರಿ ಇತ್ತಂತೆ, ತಾಯಿ ಕೊಟ್ಟದ್ದು. ಈಗ ತಾಯಿ ಇಲ್ಲ. ಆ ಚುಕ್ಕಿ ಕೋಳಿಯ ಸಂತತಿ ಮಾತ್ರ ಇನ್ನೂ ಅವಳ ಹಿತ್ತಲಲ್ಲಿ ಮಣ್ಣು ಕೆದರುತ್ತದೆ. ಹಗಲೆಲ್ಲ ತೊಗರಿ ಹೊಲದಲ್ಲಿ ಕೂಲಿ ಮಾಡಿ ಬಂದವಳು ಮೊದಲು ಬಗ್ಗುವುದು ಗೂಡಿನ ಬಾಗಿಲಿಗೆ, ಮನೆಯ ಬಾಗಿಲು ಆಮೇಲೆ. ಅವರ ಓಣಿಯಲ್ಲಿ ಯಾರಾದರೂ ಬಾಣಂತಿಯಾದರೆ ಒಂದೆರಡು ತತ್ತಿ ಸೆರಗಿನಲ್ಲಿಟ್ಟುಕೊಂಡು ಹೋಗಿ ಕೊಟ್ಟು ಬರುತ್ತಾಳೆ.

ಗಂಡ ಯಾಕೂಬಸಾಬ ಫರ್ಸಿ ಕಲ್ಲು ಹಾಸುವ ಕೆಲಸದವನು. ಅವನು ಹಾಸಿದ ನೆಲದ ಮೇಲೆ ಕೊಡ ನೀರು ಸುರಿದರೂ ಒಂದು ಹನಿ ನಿಲ್ಲುವುದಿಲ್ಲ. ಹೋದ ವರ್ಷ, ಎಂಬತ್ತೈದರಲ್ಲಿ, ಹೆಂಡತಿಯ ಕೋಳಿಗಳಿಗೂ ಇರಲಿ ಎಂದು ಗೂಡಿನ ತಳಕ್ಕೆ ನುಣ್ಣನೆಯ ಫರ್ಸಿ ಹಾಸಿಕೊಟ್ಟ. ಓಣಿಯವರು ಬಂದು ನೋಡಿ, ಕೋಳಿಗಳಿಗೆ ಸಾಹುಕಾರರ ಮನೆಯಾಯಿತು ಎಂದು ನಕ್ಕರು. ಆ ಚಳಿಗಾಲದಲ್ಲಿ ಮರಿಗಳು ಒಂದೊಂದಾಗಿ ಮುದುಡಿ ಸತ್ತವು. ಕೆಲವರು ರೋಗ ಎಂದರು, ಕೆಲವರು ದೃಷ್ಟಿ ಎಂದರು. ಗೂಡಿಗೆ ನಿಂಬೆಹಣ್ಣು ಕಟ್ಟಿದ್ದೂ ಆಯಿತು. ಬೇಸಿಗೆಯಲ್ಲಿ ತಂಪು ಬೇಕೆಂದು ನಾವೇ ಹುಡುಕಿ ಮಲಗುವ ಕಲ್ಲು ಅದು ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಈ ಸಲ ದೀಪಾವಳಿ ಮುಗಿಯುತ್ತಲೇ ಗಾಳಿ ತಿರುಗಿತು. ಆ ಸಂತತಿಯ ಒಂದು ಚುಕ್ಕಿ ಕೋಳಿ ಮನೆಯೊಳಗೆ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು. ಈ ಸಲವೂ ಮರಿ ಉಳಿಯದಿದ್ದರೆ ಗೂಡು ಕಿತ್ತು ಆ ಜಾಗದಲ್ಲಿ ಆಡು ಕಟ್ಟುವುದಾಗಿ ಯಾಕೂಬಸಾಬ ಹೇಳಿಬಿಟ್ಟಿದ್ದ. ಸಿಟ್ಟಿನಿಂದಲ್ಲ. ಸತ್ತ ಮರಿಗಳನ್ನು ಹೂಳುವಾಗ ಹೆಂಡತಿಯ ಮುಖ ನೋಡುವುದು ಅವನಿಂದ ಆಗಿರಲಿಲ್ಲ.

ಒಂದು ಮುಂಜಾನೆ ಪ್ಯಾರಿಬಿ ಗೂಡಿನೊಳಗೆ ಮೊಣಕಾಲೂರಿ ಕಸ ಗುಡಿಸುತ್ತಿದ್ದಳು. ಕಲ್ಲಿನ ಥಂಡಿ ಎಲುಬಿನ ತನಕ ಏರಿತು. ಕೈ ನಿಲ್ಲಿಸಿ ಆ ಕಲ್ಲನ್ನೇ ನೋಡಿದಳು. ಹೊರಗೆ ಬಂದು, ಮರಗಟ್ಟಿದ ಕಾಲು ಜಾಡಿಸುತ್ತ ಎದುರಿನ ಗೋಡೆಗೆ ಕೈ ಊರಿದಳು. ಗೋಡೆ ಬೆಚ್ಚಗಿತ್ತು. ಅದರ ಆಚೆಗೆ ನಮ್ಮ ಒಲೆ, ಒಲೆಯ ಮೇಲೆ ರೊಟ್ಟಿ ಬೇಯುತ್ತಿತ್ತು.

ಗೂಡನ್ನು ಈ ಗೋಡೆಗೆ ಹತ್ತಿಸಿದರೆ ಮರಿ ಉಳಿದಾವು ಎಂದು ಅವಳಿಗೆ ಅನಿಸಿತು. ಆದರೆ ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ತತ್ತಿಯ ಸಿಪ್ಪೆ ಹಾರಿ ಬಂದರೂ ನಮ್ಮವ್ವ ಕಸ್ತೂರಿಬಾಯಿ ಅಂಗಳವನ್ನು ಸಗಣಿ ಹಾಕಿ ಸಾರಿಸುತ್ತಾಳೆ. ಹಾಗಾಗಿ ಪ್ಯಾರಿಬಿ ಕೇಳಲು ಬಂದವಳು ಒಮ್ಮೆ ಹಿಟ್ಟು ಜರಡಿ ಹಿಡಿಯುವ ಸಾಣಿಗೆ ಇಸಿದುಕೊಂಡು ಹೋದಳು, ಇನ್ನೊಮ್ಮೆ ಏನೂ ಕೇಳದೆ ಹೋದಳು. ಮತ್ತೆ ಬಂದಾಗ ಅವ್ವನೇ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಏನ ಬೇ ಪ್ಯಾರಿ, ಬಾಯಾಗ ಏನ್ ಇಟ್ಕೊಂಡಿ? ಉಗುಳಿದ್ರ ಉಗುಳು, ಇಲ್ಲಂದ್ರ ನುಂಗು.”

“ನಿಮ್ಮ ಒಲಿ ಹಿಂದಿನ ಗ್ವಾಡಿಗಿ ನನ್ನ ಕೋಳಿಗೂಡು ಹಚ್ಚತೇನ್ರಿ ಅಕ್ಕಾ. ಕೋಳಿ ನಮ್ಮ ಕಡಿಗೇ ಇರ್ತಾವ್ರಿ. ಮರಿಗೋಳಿಗಿ ಬರೇ ಬಿಸಿ ಬೇಕಾಗ್ಯಾದ್ರಿ.”

ಅವ್ವ ಒಲೆಯನ್ನು ನೋಡಿದಳು, ಗೋಡೆಯನ್ನು ನೋಡಿದಳು.

“ಬೆಂಕಿ ನಂದು, ಗ್ವಾಡಿ ಇಬ್ರುದು. ಆಚಿಗಿ ಹೋದ ಬಿಸಿ ನಾ ಏನ್ ಹೊಳ್ಳಿ ತರ್ತೇನಿ? ಹಚ್ಕೋ. ಆದ್ರ ನಿನ್ನ ಹುಂಜ ಗ್ವಾಡಿ ಜಿಗಿದು ನನ್ನ ಹಿಟ್ಟಿಗಿ ಬಾಯಿ ಹಾಕ್ತಂದ್ರ, ನಿನ್ನ ಗಂಡನ ಕೈಲೇ ಮನಿ ಪೂರಾ ತೊಳಸ್ತೇನಿ.”

ಉಳಿದದ್ದು ಯಾಕೂಬಸಾಬನ ಫರ್ಸಿ. ಅವನ ಕೈಕೆಲಸಕ್ಕೆ ತಪ್ಪು ಹೇಳಲು ಪ್ಯಾರಿಬಿಗೆ ಮನಸ್ಸಿರಲಿಲ್ಲ. ಮರುದಿನ ಬೆಳಗಿನ ನಮಾಜು ಮುಗಿಸಿ ಬಂದವನ ಕೈಗೆ ಚಹಾ ಕೊಟ್ಟು, ಮೇಲಿನ ತಗಡು ತೆಗೆದಿಟ್ಟಿದ್ದ ಗೂಡಿನೊಳಗೆ ಬರಿಗಾಲಲ್ಲಿ ನಿಂತು ಕುಡಿಯಲು ಹೇಳಿದಳು. ಅರ್ಧ ಚಹಾ ಆಗುವುದರೊಳಗೆ ಅವನು ಒಂದು ಕಾಲೆತ್ತಿ ಇನ್ನೊಂದನ್ನು ಇಡತೊಡಗಿದ. ಹೆಂಡತಿ ನಗಲಿಲ್ಲ, ಅವನೇ ನಕ್ಕ. ಚಹಾದ ಬಸಿ ಕೆಳಗಿಟ್ಟು ಹಾರೆ ತಂದು ಕಲ್ಲು ಎಬ್ಬಿಸಿದ. ಹಾಸಿದಷ್ಟೇ ಜತನದಿಂದ ಎಬ್ಬಿಸಿದ್ದರಿಂದ ಒಂದು ಮೂಲೆಯೂ ಮುಕ್ಕಾಗಲಿಲ್ಲ. ಅವ್ವ ಚೆನ್ನಾಗಿ ತೊಳೆಸಿ ಇಸಿದುಕೊಂಡಳು, ಈಗ ಅದು ನಮ್ಮ ಬಚ್ಚಲಲ್ಲಿ ಬಟ್ಟೆ ಒಗೆಯುವ ಕಲ್ಲು.

ಗೋಡೆಗೆ ಹತ್ತಿಸಿದ ಹೊಸ ಗೂಡಿನ ತಳಕ್ಕೆ ಗೇಣೆತ್ತರದಲ್ಲಿ ತೊಗರಿ ಕಟ್ಟಿಗೆ ಹೆಣೆದರು, ಅದರ ಮೇಲೆ ಜೋಳದ ಒಣ ಎಲೆಗಳ ರವದಿ ಹರವಿದರು. ಗಾಳಿ ಹೊಡೆಯುವ ಕಡೆಗೆ ಗೋಣಿತಟ್ಟು ಕಟ್ಟಿ, ಉಸಿರಾಡಲು ಮೇಲೆ ಕಿಂಡಿ ಬಿಟ್ಟು, ಕಿಂಡಿಗೆ ಬೆಕ್ಕು ನುಗ್ಗದಂತೆ ಜಾಲಿಮುಳ್ಳು ಸಿಕ್ಕಿಸಿದರು. ಕೋಳಿ ಅಡ್ಡಾಡುವ ಜಾಗದ ಬೇಲಿಗೂ ಅದೇ ಮುಳ್ಳು.

ಮರಿಗಳು ತತ್ತಿ ಒಡೆದು ಹೊರಬಂದಿವೆ. ಕತ್ತಲಾದರೆ ತಾಯಿಯ ಜೊತೆ ಗೋಡೆಗೇ ಒತ್ತಿಕೊಳ್ಳುತ್ತವೆಯಂತೆ. ಯಾಕೂಬಸಾಬ ಆಡಿನ ಮಾತು ಎತ್ತಿಲ್ಲ. ಆದರೆ ಚಳಿ ಇಳಿಯುವ ಸಂಕ್ರಾಂತಿ ಇನ್ನೂ ದೂರವಿದೆ. ನಸುಕಿಗೆ ನಮ್ಮ ಒಲೆ ಆರಿ ಗೋಡೆ ತಣ್ಣಗಾಗಿರುತ್ತದೆ, ಚಳಿ ಹೆಚ್ಚುವುದೂ ಆಗಲೇ.

ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವ ಕೆಲಸ ನನ್ನದು. ನಾಳೆಯಿಂದ ಹುಂಜ ಕೂಗುವ ಮೊದಲೇ ಎದ್ದು ಹೊತ್ತಿಸುತ್ತೇನೆ.