ಮಾತು ಹೋದ ಕ್ಯಾಸೆಟ್ಟಿನ ಹಿಂದೆ ಡಾಬಕಾದವರೆಗೆ

ಈ ಪ್ರವಾಸದ ಮೊದಲ ಹಂತ ಇಪ್ಪತ್ತೆರಡು ಹೆಜ್ಜೆ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಭಾಲ್ಕಿಯಲ್ಲಿ ನಾನು ಕೆಲಸ ಮಾಡಿ ನಿವೃತ್ತನಾದ ಗ್ರಂಥಾಲಯದ ಮೆಟ್ಟಿಲಿಳಿದು, ರಸ್ತೆ ದಾಟಿ, ಎದುರಿನ ಬಸಣ್ಣನ ಅಂಗಡಿ ತಲುಪಿದೆ. ಹೆಜ್ಜೆ ಇಪ್ಪತ್ತೆರಡೇ ಆದರೂ ಆ ರಸ್ತೆ ದಾಟಲು ನನಗೆ ಇಪ್ಪತ್ತೈದು ವರ್ಷ ಹಿಡಿದಿತ್ತು.

ಕಾರಣ ಒಂದು ಶಬ್ದ. ಆ ಕಾಲದಲ್ಲಿ ಬಸಣ್ಣ ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ತೆರೆದು, ಮೇಲೆ 'ವಿಡಿಯೋ ಲೈಬ್ರರಿ' ಎಂದು ಬೋರ್ಡು ಹಾಕಿದ. ತಿಂಗಳೊಳಗೆ ಊರು ಆ ಶಬ್ದವನ್ನು ಪೂರ್ತಿಯಾಗಿ ಅವನಿಗೇ ಬರೆದುಕೊಟ್ಟಿತು. ಲೈಬ್ರರಿ ಅಂದರೆ ಬಸಣ್ಣನದು. ನನ್ನದು 'ಪೇಪರ್ ಓದೋ ಜಾಗಾ'. ಕವಿಗಳ ಕಪಾಟಿನ ಮುಂದೆ ನಿಂತು ಜನ ನನ್ನನ್ನು, "ಹೊಸಾ ಪಿಚ್ಚರ್ ಬಂದಾವೇನ್ರಿ?" ಎಂದು ಕೇಳಿದ್ದುಂಟು. ಈ ಅನ್ಯಾಯದ ಕುರಿತು ಮೇಲಿನವರಿಗೆ ಮೂರು ಪುಟದ ಮನವಿ ಬರೆದೆ. ಉತ್ತರ ಬರುವ ಮೊದಲು ನಿವೃತ್ತಿ ಬಂತು.

ಅಂಥ ನಾನು ರಸ್ತೆ ದಾಟಿದ್ದು ತಂಗಿಯ ಸಲುವಾಗಿ. ತಂಗಿ ಶಾಂತಮ್ಮನನ್ನು ಸಾಯಗಾಂವಕ್ಕೆ ಕೊಟ್ಟದ್ದು. ಅವಳ ಮದುವೆಯಾದದ್ದೂ ಒಂದು ಬರದ ವರ್ಷವೇ. ಮದುವೆಯಾದ ಎರಡೇ ತಿಂಗಳಿಗೆ ಗಂಡ ಹೆಂಡತಿ ದುಡಿಯಲು ಪುಣೆಗೆ ಹೊರಟರು. ಆಗ ಹೀಗೆ ಹೊರಟವರಲ್ಲಿ ಒಂದು ರೂಢಿಯಿತ್ತು: ಎಮ್ಮೆಯನ್ನು ಬೀಗರ ಮನೆಯಲ್ಲಿ, ಕೀಲಿಯನ್ನು ಮಗ್ಗುಲು ಮನೆಯಲ್ಲಿ, ಮದುವೆಯ ಕ್ಯಾಸೆಟ್ಟನ್ನು ವಿಡಿಯೋ ಲೈಬ್ರರಿಯಲ್ಲಿ ಬಿಟ್ಟು ಹೋಗುವುದು. ಮನೆಯಲ್ಲಿ ನೋಡುವ ಮಷೀನಿಲ್ಲ, ಇಲಿಗಳು ಮಾತ್ರ ಇದ್ದವು. ತಂಗಿ ಪುಣೆಯಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ಕೊನೆಗೊಮ್ಮೆ ಅವ್ವನ ಮಾರಿ ನೋಡಲೂ ತಂಗಿಗೆ ಆಗಲಿಲ್ಲ. ತಿರುಗಿ ಬಂದವರು ಎಮ್ಮೆ ಬಿಡಿಸಿಕೊಂಡರು, ಕೀಲಿ ಇಸಿದುಕೊಂಡರು. ಕ್ಯಾಸೆಟ್ಟು ಯಾರಿಗೂ ನೆನಪಾಗಲಿಲ್ಲ.

ಈ ವರ್ಷ ಮತ್ತೆ ಮಳೆಯಿಲ್ಲ. ಸೋಮವಾರ ಅವರು ಮತ್ತೆ ಪುಣೆಗೆ ಹೊರಡುವುದಿತ್ತು. ಗಂಟು ಕಟ್ಟುತ್ತ ತಂಗಿ ಹೇಳಿದಳು: "ಅವ್ವ ಆ ಕ್ಯಾಸೆಟ್ಟಿನ್ಯಾಗ ಹಾಡ್ಯಾಳ. ಆಕಿ ಧ್ವನಿ ಬ್ಯಾರೆ ಎಲ್ಲೂ ಇಲ್ಲ. ಹ್ವಾದ ಸಲ ಹಾಂಗೇ ಹೋದೆ. ಈ ಸಲ ಕೇಳಿ ಹೋಗ್ತೇನಿ. ನೀ ಲೈಬ್ರರಿಯಂವ ಇದ್ದಿ, ಲೈಬ್ರರಿಯೊಳಗ ಇಟ್ಟದ್ದು ನೀನೇ ಹುಡುಕಿ ಕೊಡು."

ಅದು ಆ ಲೈಬ್ರರಿ ಅಲ್ಲ ಎಂದು ವಾದಿಸುವ ಸಮಯ ಅದಾಗಿರಲಿಲ್ಲ.

ಬಸಣ್ಣನ ಅಂಗಡಿಯಲ್ಲಿ ಈಗ ಮೊಬೈಲ್ ರಿಚಾರ್ಜ್, ಜೆರಾಕ್ಸ್. ನನ್ನನ್ನು ಕಂಡು ಅವನು ಎದ್ದೇ ನಿಂತ. "ಸಾಹೇಬ್ರ ಪಾದ ನಮ್ಮ ಅಂಗಡಿಗಿ! ಅದಕ್ಕ ಮಳಿ ಹೋಗ್ಯಾದ ನೋಡ್ರಿ," ಎಂದ. ವಿಷಯ ಕೇಳಿ ಗಂಭೀರನಾದ. ಅಂಗಡಿ ಮುಚ್ಚಿದಾಗ ಎಲ್ಲ ಕ್ಯಾಸೆಟ್ಟುಗಳನ್ನೂ ಬೀದರಿನ ಗೌಸ್‌ಭಾಯ್‌ಗೆ ಕೊಟ್ಟಿದ್ದನಂತೆ. "ಮದುವಿ ಕ್ಯಾಸೆಟ್ ಬ್ಯಾರೆ ಗಂಟು ಕಟ್ಟಿ ಕೊಟ್ಟೇನ್ರಿ. ಮಂದಿ ಮಕ್ಕಳು ಇದ್ದಾಂಗ, ಹೊರಗ ಒಗೀಬ್ಯಾಡ ಅಂತ ಹೇಳೇನಿ."

ಹತ್ತೂವರೆಯ ಬಸ್ಸು, ಬೀದರಿಗೆ ನಲವತ್ತು ರೂಪಾಯಿ, ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರು. ಬಿಸಿಲು ಕಿಟಕಿಯ ಸರಳನ್ನು ಮುಟ್ಟಲು ಬಿಡಲಿಲ್ಲ. ಒಂದು ಹೊಲದಲ್ಲಿ ಕೋಲಿನಿಂದ ಕೋಲಿಗೆ ಕಪ್ಪಗೆ ಏನೋ ಎಳೆದಿದ್ದರು, ಗಾಳಿಗೆ ಮಿರಮಿರ ಮಿಂಚುತ್ತಿತ್ತು. ಕ್ಯಾಸೆಟ್ಟಿನ ಒಳಗಿನ ಟೇಪು. ಹಕ್ಕಿ ಬೆದರಲಿ ಎಂದು ಕಟ್ಟಿದ್ದು. ಹೊಲದಲ್ಲಿ ತೆನೆ ಇರಲಿಲ್ಲ, ಆದ್ದರಿಂದ ಹಕ್ಕಿಯೂ ಇರಲಿಲ್ಲ. ಟೇಪು ಮಾತ್ರ ಡ್ಯೂಟಿ ಮಾಡುತ್ತಿತ್ತು. ಆ ಕಪ್ಪು ಎಳೆಯಲ್ಲಿ ಅವ್ವ ಇರಬಹುದೇ ಎಂಬ ಯೋಚನೆ ಬಂದು ಮುಖ ಇನ್ನೊಂದು ಕಡೆಗೆ ತಿರುಗಿಸಿಕೊಂಡೆ.

ಬೀದರ್ ನಿಲ್ದಾಣದಲ್ಲಿ ಇಳಿದು ಆಟೋದವನಿಗೆ "ಗೌಸ್‌ಭಾಯ್ ಲೈಬ್ರರಿ" ಎಂದೆ. ನನ್ನ ಬಾಯಿಂದ ಈ ಪ್ರಯೋಗ ಅದೇ ಮೊದಲು. ಅವನು ಗೌಸ್‌ಭಾಯ್ ಹೆಸರನ್ನು ಗಾಳಿಗೆ ಬಿಟ್ಟು, ಸೀದಾ ಒಂದು ಗ್ರಂಥಾಲಯದ ಮುಂದೆ ನಿಲ್ಲಿಸಿದ. "ಇದಲ್ಲಪ್ಪಾ, ಇಲ್ಲಿ ಬರೇ ಪುಸ್ತಕ ಇರ್ತಾವ," ಎಂದು ನಾನು ಸಿಟ್ಟಿನಿಂದ ಹೇಳಿದೆ. ಹೇಳಿದ ಮೇಲೆ ಯಾರಾದರೂ ಪರಿಚಯದವರು ಕೇಳಿಸಿಕೊಂಡರೇನೋ ಎಂದು ಅತ್ತಿತ್ತ ನೋಡಿದೆ.

ಗೌಸ್‌ಭಾಯ್ ಅಂಗಡಿ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿತ್ತು. ಶಟರ್ ಅರ್ಧ ಇಳಿದಿತ್ತು. ಹೊರಗೆ ಒಂದು ಕಾಗದ: 'ಮೆಮೊರಿ ಕಾರ್ಡಿಗೆ ಹಾಡು ತುಂಬಿ ಕೊಡಲಾಗುವುದು.' ಒಳಗೆ ನೆಲದಿಂದ ಮಾಡಿನವರೆಗೆ ಕ್ಯಾಸೆಟ್ಟು, ಸಿ.ಡಿ. ಬಿಳಿ ಗಡ್ಡದ ಗೌಸ್‌ಭಾಯ್ ಒದ್ದೆ ಬಟ್ಟೆಯಿಂದ ಅವುಗಳ ಧೂಳು ಒರೆಸುತ್ತಿದ್ದರು. ಕೊಳ್ಳುವವರಿಲ್ಲದ ಸಾಮಾನನ್ನು ಇಷ್ಟು ನಿಷ್ಠೆಯಿಂದ ಒರೆಸುವವರನ್ನು ನಾನು ನಮ್ಮ ಇಲಾಖೆಯಲ್ಲಿ ಮಾತ್ರ ಕಂಡಿದ್ದೆ.

"ಈಗ ಯಾರೂ ಪಿಚ್ಚರ್ ಕೇಳಾಂಗಿಲ್ರಿ ಸಾಬ್," ಎಂದರು. "ಟೇಪ್ ಕೇಳ್ತಾರ, ಹೊಲಕ್ಕ ಕಟ್ಲಿಕ್ಕ. ಮೊದಲ ಹೀರೋ ಯಾರು ಅಂತಿದ್ರು, ಈಗ ಎಷ್ಟು ಉದ್ದ ಅದ ಅಂತಾರ. ಈ ವರ್ಷ ಅದೂ ಬಂದ್. ಈ ತಿಂಗಳು ಮುಗಿಸಿ ನಾನೂ ಶಟರ್ ಇಳಿಸ್ತೇನ್ರಿ."

ಬಸಣ್ಣನ ಗಂಟು ಇತ್ತು. ಮದುವೆಯ ಒಂದು ಕ್ಯಾಸೆಟ್ಟನ್ನೂ ಗೌಸ್‌ಭಾಯ್ ಹೊಲಕ್ಕೆ ಕಳಿಸಿರಲಿಲ್ಲ. ತಂಗಿಯದಕ್ಕೆ 'ಮದುವಿ, ಸಾಯಗಾಂವ, ಹಾಡು ಚಂದ' ಎಂಬ ಚೀಟಿ ಅಂಟಿತ್ತು. ಬಿಸ್ಕಿಟ್ಟು, ಚಹಾ ತರಿಸಿ, ಹಳೆಯ ವಿಸಿಆರ್‌ಗೆ ಎರಡು ಪೆಟ್ಟು ಕೊಟ್ಟು ಹಚ್ಚಿದರು. ಅಲೆ ಅಲೆ ಗೆರೆ, ಆಮೇಲೆ ಹಂದರ, ಆಮೇಲೆ ಅರಿಶಿನದ ಮಣೆಯ ಮೇಲೆ ಹತ್ತೊಂಬತ್ತರ ತಂಗಿ. ಮಗ್ಗುಲಿಗೆ ಅವ್ವ. ಹಸಿರು ಇಳಕಲ್ ಸೀರೆ. ಅವಳ ಬಾಯಿ ಆಡುತ್ತಿತ್ತು, ಹಾಡುತ್ತಿದ್ದಳು. ಟಿವಿಯಿಂದ ಮಾತ್ರ ಎಣ್ಣೆ ಕಾದ ಹಾಗೆ ಸರ್ ಎಂಬ ಸದ್ದು. ನಡುವೆ ಒಮ್ಮೆ ಅವಳು ಸೀದಾ ನಮ್ಮ ಕಡೆ ತಿರುಗಿ, ಕೈ ಬೀಸಿ ಏನೋ ಹೇಳಿದಳು. ಏನು ಅಂದಳೋ. ಆ ಹೊತ್ತಿಗೆ ನಾನು ಹಿತ್ತಲಲ್ಲಿ ಹುಗ್ಗಿಯ ಕೊಪ್ಪರಿಗೆ ಕಾಯುತ್ತಿದ್ದೆ.

"ಜರಾ ಆವಾಜ್ ಜಾಸ್ತಿ ಮಾಡ್ರಿ," ಎಂದೆ.

"ಫುಲ್ ಅದ್ರಿ." ಗೌಸ್‌ಭಾಯ್ ತಲೆ ತಗ್ಗಿಸಿದರು. "ಮಾತು ಟೇಪಿನ ಅಂಚಿನ್ಯಾಗ ಇರ್ತದ ಸಾಬ್, ಮಾರಿ ನಡುವ ಇರ್ತದ. ಅಂಚು ಸವದ್ರ ಮಾತು ಮೊದಲ ಹೋಗ್ತದ. ತಪ್ಪು ನಂದೇ. ಬಾಡಿಗಿಗಿ ಕೊಟ್ಟೇನ್ರಿ ಇದನ್ನ."

"ಮದುವಿ ಕ್ಯಾಸೆಟ್ ಯಾರು ಬಾಡಿಗಿಗಿ ಒಯ್ತಾರ?"

"ನಿಮ್ಮ ಅವ್ವಾರ ಹಾಡಿಗಿ ಒಯ್ತಿದ್ರು. ಔರಾದ್ ತಾಲೂಕಿಗಿ ನಾ ಜೀಪಿನ್ಯಾಗ ಟಿವಿ, ಮಷೀನ್ ಒಯ್ತಿದ್ದೆ. ಡಾಬಕಾದಾಗ ಗಯಾಬಾಯಿ ಅಂತ ಒಬ್ಬಾಕಿ, ಎಷ್ಟು ಸಲ ಹಾಕ್ಸ್ಯಾಳ ಲೆಕ್ಕಿಲ್ಲ. ಪಿಚ್ಚರ್ ಒಂದು, ಸಾಯಗಾಂವ ಮದುವಿ ಒಂದು. ಆಕಿ ಹಂತೇಕ ಕಾಪಿ ಏನರೆ ಇದ್ರ ಇರಬೇಕು."

ನಮ್ಮ ಅವ್ವನನ್ನು ನಮಗೆ ತಿಳಿಯದೆ ತಾಲೂಕು ತುಂಬ ಬಾಡಿಗೆಗೆ ಬಿಟ್ಟ ಮನುಷ್ಯನ ಮೇಲೆ ಹರಿಹಾಯಬೇಕಿತ್ತು. ಆದರೆ ಓದುಗರ ಕೈಗೆ ಸಿಕ್ಕು ಸವೆದ ಪುಸ್ತಕವನ್ನು ಮೂವತ್ತು ವರ್ಷ ಹೆಮ್ಮೆಯಿಂದ ತೋರಿಸಿದವನು ನಾನು. ಗೌಸ್‌ಭಾಯ್ ಕ್ಯಾಸೆಟ್ಟನ್ನು ಸ್ವಚ್ಛ ವಸ್ತ್ರದಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟರು.

ಅಂದು ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಉಳಿದೆ. ಕೋಣೆಗೆ ಮುನ್ನೂರು ರೂಪಾಯಿ, ತಲೆಗೆ ಒಂದೇ ಬಕೀಟು ನೀರು. ಶುಕ್ರವಾರ ಬೆಳಿಗ್ಗೆ ಔರಾದಿಗೆ ಬಸ್ಸು ಹತ್ತಿದೆ. ಒಂದೂವರೆ ಗಂಟೆಯ ದಾರಿ. ನಮ್ಮ ಬಸ್ಸಿನಲ್ಲಿ ಏಳೆಂಟು ಜನ; ಎದುರಿಂದ ಬರುವ ಬಸ್ಸುಗಳ ನೆತ್ತಿಯ ಮೇಲೂ ಹಾಸಿಗೆ, ಕೊಡ, ಒಲೆ. ಹೈದರಾಬಾದಿಗೆ ಹೊರಟವರು. ಕಂಡಕ್ಟರ್ ನನ್ನ ಟಿಕೆಟ್ ಹರಿಯುತ್ತ, "ಎಲ್ಲಾರೂ ಹೊರಗ ಹೊಂಟಾರ, ನೀವು ಒಳಗ ಹೊಂಟೀರಲ್ರೀ," ಎಂದ. ಔರಾದಿನಲ್ಲಿ ಸುಸಲಾ, ಭಜಿ ತಿಂದು, ಡಾಬಕಾದ ಟಂಟಂ ಆಟೋ ತುಂಬುವವರೆಗೆ ಕಾದೆ. ಅದು ತುಂಬಲಿಲ್ಲ. ಮೂರೇ ಜನರನ್ನು ಹಾಕಿಕೊಂಡು ಡ್ರೈವರ್ ನಿಟ್ಟುಸಿರು ಬಿಟ್ಟು ಹೊರಟ.

ಗಯಾಬಾಯಿಯ ಮನೆ ಸಿಕ್ಕುವುದು ಕಷ್ಟವಾಗಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಶಿಕ್ಷಕಿಯಾದ ಮಗಳು ಸುಜಾತಾಳ ಪದವಿ ಫೋಟೊ. ಅರವತ್ತು ದಾಟಿದ ಗಯಾಬಾಯಿ ತಂಬಿಗೆಯಲ್ಲಿ ಅರ್ಧ ನೀರು ಕೊಟ್ಟು, "ಟ್ಯಾಂಕರ್ ಬಂದಿಲ್ರಿ, ತಪ್ಪು ತಿಳೀಬ್ಯಾಡ್ರಿ," ಎಂದಳು. ನಾನು ವಸ್ತ್ರ ಬಿಚ್ಚಿ ಕ್ಯಾಸೆಟ್ ತೋರಿಸಿದೆ. ಕಾಪಿ ಇದೆಯೇ ಎಂದು ಕೇಳಿದೆ.

"ಕಾಪಿ ಎಲ್ಲಿದ್ರಿ? ಮನ್ಯಾಗ ಮಷೀನೇ ಇದ್ದಿಲ್ಲ," ಎಂದಳು.

ನಾನು ಮತ್ತೆ ವಸ್ತ್ರ ಸುತ್ತತೊಡಗಿದೆ. ತಂಗಿಗೆ ಏನು ಹೇಳುವುದೆಂದು ವಾಕ್ಯ ಜೋಡಿಸುತ್ತಿದ್ದೆ.

"ಕಾಪಿ ಯಾಕ ಬೇಕ್ರಿ?" ಎಂದಳು ಗಯಾಬಾಯಿ. "ಹಾಡು ನಮಗ ಬರ್ತದಲ್ಲ. ನಮ್ಮೂರಾಗ ಯಾರ ಮದುವಿ ಇದ್ರೂ ಅರಿಶಿಣಕ್ಕ ಇದೇ ಹಾಡು." ಹೊರಗೆ ಬಗ್ಗಿ ಮಗ್ಗುಲು ಮನೆಯ ಇಬ್ಬರನ್ನು ಕೂಗಿದಳು. ಮೂವರೂ ಗೋಡೆಗೆ ಒರಗಿ ಕೂತರು. ನಾನು ಸಾಯಗಾಂವಕ್ಕೆ ಫೋನು ಹಚ್ಚಿ, "ತಂಗೀ, ಮಾತಾಡಬ್ಯಾಡ, ಕೇಳು," ಎಂದು ಸ್ಪೀಕರ್ ಒತ್ತಿ ನೆಲದ ಮೇಲಿಟ್ಟೆ.

ಅರಿಶಿಣ ಹಚ್ಚೇನ ಅಂಗೈಗು ಮುಂಗೈಗು
ಹಿಡದ ಕೈ ಹ್ಯಾಂಗ ಬಿಡಲವ್ವಾ
ಏ ತಮ್ಮಾ ಲೈಟ ಅತ್ತಾಗ ಹಿಡಿಯೋ
ಮದಲಗಿತ್ತಿ ನಾನಲ್ಲವ್ವಾ

ಮೂರನೆಯ ಸಾಲಿಗೆ ಮೂವರೂ ಒಟ್ಟಿಗೆ ಬಲಗೈ ಎತ್ತಿ ಬೀಸಿದರು. ಬೀದರಿನ ಟಿವಿಯಲ್ಲಿ ಬೀಸಿದ ಅದೇ ಕೈ.

ಫೋನಿನಿಂದ ನಗು ಬಂತು. ನಗುತ್ತಲೇ ತಂಗಿಯ ಧ್ವನಿ ಒಡೆಯಿತು. "ಅವ್ವ! ಲೈಟ್ ಹಿಡದಂವಗ ಬೈದದ್ದದು! ಲೈಟ್ ಕಣ್ಣಿಗಿ ಬಡದಿತ್ತು, ಹಾಡ್ಕೋತನೇ ಬೈದ್ಳು. ನಾ ಮಗ್ಗಲಕ್ಕೇ ಕೂತಿದ್ದೆ. ಹಾಂಗೇ, ಹಾಂಗೇ ಅಂದಿದ್ಳು!"

ಗಯಾಬಾಯಿಗೆ ಇದು ಒಪ್ಪಿಗೆಯಾಗಲಿಲ್ಲ. "ಬೈಗುಳ ಅಲ್ರಿ ಅದು. ಹೆಣ್ಣಿನ ತಾಯಿ ದೀಪಕ್ಕ ಹೇಳ್ತಾಳ, ನಂದು ಮುಗೀತು, ಬೆಳಕು ಮಗಳ ಮ್ಯಾಲ ಬೀಳ್ಲಿ ಅಂತ. ಭಾಳ ದೊಡ್ಡ ಅರ್ಥ ಅದ. ನಮ್ಮ ಸುಜಾತಾನ ಅರಿಶಿಣದಾಗ ಈ ಸಾಲಿಗಿ ಬಂದು ನನಗ ಹಾಡ್ಲಿಕ್ಕೇ ಆಗ್ಲಿಲ್ರಿ."

ನಾನು ತಿದ್ದಲಿಲ್ಲ. ಮೂವತ್ತು ವರ್ಷ ಕಾವ್ಯದ ಕಪಾಟು ಕಾದವನಿಗೆ ಆ ಅರ್ಥದಲ್ಲಿ ತಪ್ಪು ಕಾಣಲಿಲ್ಲ.

"ಅವರಿಗಿ ಹೇಳಣ್ಣಾ," ಎಂದಳು ತಂಗಿ ಫೋನಿನೊಳಗಿಂದ, "ಇನ್ನೊಮ್ಮಿ ಅನ್ಲಿ. ಬೈಯೋದು ಬಿಡಬ್ಯಾಡಂತ ಹೇಳು."

ಅವರು ಇನ್ನೊಮ್ಮೆ ಹಾಡಿದರು. ಆಮೇಲೆ ರೊಟ್ಟಿ, ಪುಂಡಿಪಲ್ಯ ಉಣಿಸಿದರು. ಮಧ್ಯಾಹ್ನದ ಟಂಟಂ ಹತ್ತಿಸಿ ಕಳಿಸಲು ಗಯಾಬಾಯಿ ಕಟ್ಟೆಯವರೆಗೆ ಬಂದಳು. ಕಟ್ಟೆಯ ಮೇಲೆ ಕೂತ ಮುದುಕರೊಬ್ಬರು, "ಯಾರಿವ್ರು?" ಎಂದು ಕೇಳಿದರು.

"ಲೈಬ್ರರಿಯವ್ರು," ಎಂದಳು ಅವಳು.

ಯಾವ ಲೈಬ್ರರಿ ಎಂದು ಮುದುಕರು ಕೇಳಲಿಲ್ಲ. ಟಂಟಂ ಹೊರಟಿತು, ಕ್ಯಾಸೆಟ್ಟನ್ನು ತೊಡೆಯ ಮೇಲೆ ಹಿಡಿದು ಕೂತ ನಾನೂ ಹೇಳಲು ಹೋಗಲಿಲ್ಲ.